ಪಂಪಿಂಗ್ ಏರಿತಾ, ಇಳಿಯಿತಾ? ಹಾರ್ಟ್ ಫೇಲ್ಯೂರ್ ಮಾತ್ರೆ ನಡೆಯುವಾಗ ಹೃದಯದ ಬಲ ಅಳೆಯುವ ಕ್ರಮ

ತುರುವೇಕೆರೆ ಕಡೆಯ ಅಜ್ಜ ಒಬ್ಬರು ಮಗನ ಜೊತೆ ನಮ್ಮ ಎಕೋ (ಹೃದಯದ ಸ್ಕ್ಯಾನ್) ರೂಮಿಗೆ ಬಂದಿದ್ದರು. ಮಗನ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಒಳಗೆ ಎರಡು ರಿಪೋರ್ಟು, ಮಡಿಸಿ ಮಡಿಸಿ ಹರಿಯುವ ಹಾಗೆ ಆಗಿತ್ತು. ಮೊದಲನೆಯದರಲ್ಲಿ ಪಂಪಿಂಗ್ ಶೇ. 35 ಅಂತ ಬರೆದಿತ್ತು. ಮೂರು ತಿಂಗಳಾದ ಮೇಲೆ ಬೇರೆ ಕಡೆ ಮಾಡಿಸಿದ್ದರಲ್ಲಿ 31.

"ಮೇಡಮ್, ತಿಂಗಳು ತಿಂಗಳು ಮಾತ್ರೆಗೆ ದುಡ್ಡು ಸುರೀತಿದೀವಿ. ನೋಡಿದ್ರೆ ಪಂಪಿಂಗ್ ಇಳಿದೈತೆ. ಮಾತ್ರೇನೇ ಬೇಡ ಅಂತ ಅಪ್ಪ ಹಟ ಹಿಡಿದವ್ರೆ" ಅಂದ ಮಗ.

ಅಜ್ಜ ಮಂಚದ ತುದಿಯಲ್ಲಿ ಕೂತು ಸುಮ್ನೆ ನಗುತ್ತಿದ್ದರು. ಮೂರು ತಿಂಗಳ ಹಿಂದೆ ಎರಡು ದಿಂಬು ಇಲ್ಲದೆ ನಿದ್ದೆ ಬರುತ್ತಿರಲಿಲ್ಲವಂತೆ. ಆವತ್ತು ತುಮಕೂರಿನ ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿಯದೆ ನಡೆದೇ ಬಂದಿದ್ದರು. ದಮ್ಮು ಇರಲಿಲ್ಲ. ಕಾಲಿನ ಊತ ಇಳಿದಿತ್ತು.

ಕಾಗದ ಒಂದು ಹೇಳುತ್ತಿತ್ತು, ಅಜ್ಜನ ಕಾಲು ಇನ್ನೊಂದು ಹೇಳುತ್ತಿತ್ತು. ಇಂಥ ಜಗಳ ನನ್ನ ಮುಂದೆ ವಾರಕ್ಕೆರಡಾದರೂ ಬರುತ್ತದೆ. ಅದನ್ನು ಬಿಡಿಸಿಕೊಳ್ಳುವುದು ಹೇಗೆ ಅಂತ ಮನೆಯವರಿಗಾಗಿ ಇಲ್ಲಿ ಬರೆದಿದ್ದೇನೆ. ನಾನು ಎಕೋ ಟೆಕ್ನಿಷಿಯನ್. ಅಳೆಯುವುದು ನನ್ನ ಕೆಲಸ. ಮಾತ್ರೆ ಏರಿಸುವುದು, ಇಳಿಸುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ. ಅದರಲ್ಲಿ ನಾನೂ ಕೈ ಹಾಕುವುದಿಲ್ಲ, ನೀವೂ ಹಾಕಬೇಡಿ.

ಮೊದಲು, ಆ ಶೇಕಡಾ ಅಂದರೆ ಏನು

ನಾವೆಲ್ಲ 'ಪಂಪಿಂಗ್' ಅನ್ನುವುದಕ್ಕೆ ರಿಪೋರ್ಟಿನಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ ಅಂತ ಇರುತ್ತದೆ. ಚಿಕ್ಕದಾಗಿ ಇ.ಎಫ್. ಹೃದಯದ ಎಡಗಡೆಯ ಕೆಳಗಿನ ಕೋಣೆ ರಕ್ತದಿಂದ ತುಂಬುತ್ತದೆ, ಹಿಂಡುತ್ತದೆ. ತುಂಬಿದ್ದರಲ್ಲಿ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವುದೇ ಇ.ಎಫ್.

ತುಂಬಿದಾಗ 150 ಮಿಲಿ ಇತ್ತು, ಹಿಂಡಿದ ಮೇಲೆ 105 ಮಿಲಿ ಉಳಿಯಿತು ಅಂದುಕೊಳ್ಳಿ. ಹೊರಗೆ ಹೋದದ್ದು 45. ಅದು 150ರಲ್ಲಿ ಶೇ. 30. ಇ.ಎಫ್. 30.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. "ಹೃದಯ 30 ಪರ್ಸೆಂಟ್ ಮಾತ್ರ ಕೆಲಸ ಮಾಡ್ತಿದೆ, 70 ಹೋಗಿದೆ" ಅಂತ ಅಳುವವರನ್ನು ನೋಡಿದ್ದೇನೆ. ಚೆನ್ನಾಗಿರುವ ಹೃದಯವೂ ನೂರಕ್ಕೆ ನೂರು ಹೊರಗೆ ಹಾಕುವುದಿಲ್ಲ. ಸುಮಾರು 52ರಿಂದ 74ರ ಒಳಗೆ ಇದ್ದರೆ ಸರಿಯಾಗಿದೆ ಅಂತಲೇ ಅರ್ಥ. ಹಾರ್ಟ್ ಫೇಲ್ಯೂರ್, ಅಂದರೆ ಮೈಗೆ ಬೇಕಾದಷ್ಟು ರಕ್ತ ಕಳಿಸಲಾಗದೆ ಹೃದಯ ಸೋತಿರುವ ಕಾಯಿಲೆ, ಇರುವವರಲ್ಲಿ 40 ಅಥವಾ ಅದಕ್ಕಿಂತ ಕೆಳಗಿದ್ದರೆ ಬಲ ಕುಂದಿದೆ ಅನ್ನುತ್ತಾರೆ. 41ರಿಂದ 49 ನಡುವಿನದು. 50 ದಾಟಿದ್ದೂ ಹಾರ್ಟ್ ಫೇಲ್ಯೂರ್ ಇರಬಹುದು. ಅಲ್ಲಿ ಹಿಂಡುವುದು ಸರಿ ಇರುತ್ತದೆ, ಆದರೆ ಹೃದಯ ಗಡುಸಾಗಿ ಸರಿಯಾಗಿ ತುಂಬಿಕೊಳ್ಳುವುದಿಲ್ಲ. ಅವರಿಗೆ ಇ.ಎಫ್. ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಈ ಬರಹ ಹೆಚ್ಚಾಗಿ 40ರ ಕೆಳಗಿನವರಿಗೆ.

ಹೆಜ್ಜೆ 1: ಮೊದಲ ಅಳತೆಯನ್ನು ಕಳೆದುಕೊಳ್ಳಬೇಡಿ

ಮಾತ್ರೆ ಶುರುವಾಗುವ ಹೊತ್ತಿಗೆ ಮಾಡಿಸಿದ ಎಕೋ ಇದೆಯಲ್ಲ, ಅದೇ ಮುಂದಿನದಕ್ಕೆಲ್ಲ ಅಳತೆಗೋಲು. ಆ ರಿಪೋರ್ಟನ್ನು ಲ್ಯಾಮಿನೇಷನ್ ಮಾಡಿಸಿಡಿ, ಇಲ್ಲ ಫೋನಲ್ಲಿ ಫೋಟೋ ತೆಗೆದು ಮನೆಯ ಇಬ್ಬರಿಗೆ ಕಳಿಸಿಡಿ. ಎಕೋ ಮಾಡಿದ ಕಡೆ ಸಿ.ಡಿ. ಅಥವಾ ವಿಡಿಯೊ ಕೊಡುತ್ತಾರಾ ಕೇಳಿ. ಕಾಗದಕ್ಕಿಂತ ಅದು ನೂರು ಪಾಲು ಮೇಲು. ಬೇರೆ ಡಾಕ್ಟರು ಅದೇ ಚಿತ್ರದ ಮೇಲೆ ಮತ್ತೆ ಅಳೆದು ನೋಡಬಹುದು.

ಆ ದಿನದ ಬಿಪಿ, ನಾಡಿ, ತೂಕ ಮೂರನ್ನೂ ರಿಪೋರ್ಟಿನ ಹಿಂದೆ ಬರೆದಿಡಿ. ಆಗ ಯಾವ ಮಾತ್ರೆ ಎಷ್ಟು ಮಿಲಿಗ್ರಾಂ ನಡೆಯುತ್ತಿತ್ತು ಅನ್ನುವುದನ್ನೂ.

ಹೃದಯಾಘಾತ ಆಗಿ ಒಂದೆರಡು ದಿನದಲ್ಲೇ ಮಾಡಿದ ಎಕೋ ಇದ್ದರೆ ಅದನ್ನು ಪೂರ್ತಿ ನಂಬಬೇಡಿ. ರಕ್ತ ನಿಂತು ಮತ್ತೆ ಹರಿದಾಗ ಸ್ನಾಯು ಕೆಲವು ದಿನ ಮಂಕಾಗಿರುತ್ತದೆ. ಸತ್ತಿರುವುದಿಲ್ಲ, ಮರಗಟ್ಟಿರುತ್ತದೆ. ಕೆಲವು ವಾರ ಬಿಟ್ಟು ನೋಡಿದಾಗ ಇ.ಎಫ್. ಏರಿದ್ದರೆ, ಅದರಲ್ಲಿ ಮಾತ್ರೆಯ ಪಾಲೆಷ್ಟು, ತಾನಾಗೇ ಎಚ್ಚರಗೊಂಡದ್ದೆಷ್ಟು ಅಂತ ಬೇರೆ ಮಾಡುವುದು ಕಷ್ಟ.

ಹೆಜ್ಜೆ 2: ಯಾವ ಮಾತ್ರೆ ಏನು ಮಾಡುತ್ತದೆ ಅಂತ ತಿಳಿದುಕೊಂಡು ಕಾಯಿರಿ

ಈಗ ಈ ಕಾಯಿಲೆಗೆ ನಾಲ್ಕು ಬಗೆಯ ಮಾತ್ರೆ ಕೊಡುತ್ತಾರೆ. ಒಂದು, ಬೀಟಾ ಬ್ಲಾಕರ್: ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ಮೆಟೊಪ್ರೊಲಾಲ್ ಸಕ್ಸಿನೇಟ್. ಎರಡು, ಸಕುಬಿಟ್ರಿಲ್ ಮತ್ತು ವಾಲ್ಸಾರ್ಟನ್ ಸೇರಿದ ಮಾತ್ರೆ, ಇಲ್ಲವೇ ರಾಮಿಪ್ರಿಲ್, ಎನಾಲಪ್ರಿಲ್ ಥರದ್ದು. ಮೂರು, ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರೆನೋನ್. ನಾಲ್ಕು, ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಈ ಕೊನೆಯದು ಶುಗರ್ ಮಾತ್ರೆಯಾಗಿ ಹುಟ್ಟಿದ್ದು. "ನಮ್ಮಮ್ಮನಿಗೆ ಶುಗರೇ ಇಲ್ಲ, ಶುಗರ್ ಮಾತ್ರೆ ಯಾಕೆ ಬರೆದ್ರು?" ಅಂತ ಎಷ್ಟೋ ಜನ ಚೀಟಿ ಹಿಡಿದು ಕೇಳುತ್ತಾರೆ. ಶುಗರ್ ಇಲ್ಲದವರ ಹೃದಯಕ್ಕೂ ಇದು ನೆರವಾಗುತ್ತದೆ ಅಂತ 2019ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ತೋರಿಸಿತು. ಹಾಗಾಗಿ ಚೀಟಿಯಲ್ಲಿ ತಪ್ಪಿಲ್ಲ.

ಇವುಗಳ ಜೊತೆಗೆ ನೀರಿನ ಮಾತ್ರೆ ಇರುತ್ತದೆ. ಫ್ಯೂರೊಸೆಮೈಡ್ ಅಥವಾ ಟಾರ್ಸೆಮೈಡ್. ಇದು ಊತ ಇಳಿಸುತ್ತದೆ, ದಮ್ಮು ಕಮ್ಮಿ ಮಾಡುತ್ತದೆ, ಅದೂ ಬೇಗ. ಆದರೆ ಹೃದಯದ ಸ್ನಾಯುವನ್ನು ಸರಿ ಮಾಡುವ ಕೆಲಸ ಇದರದಲ್ಲ. ಜನ ಇದನ್ನೇ ಒಳ್ಳೆ ಮಾತ್ರೆ ಅಂದುಕೊಂಡು ಉಳಿದದ್ದನ್ನು ಬಿಡುತ್ತಾರೆ. ತೆಗೆದುಕೊಂಡ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಗುಣ ಕಾಣುವುದು ಇದೊಂದರಲ್ಲೇ, ಅದಕ್ಕೆ.

ಬೀಟಾ ಬ್ಲಾಕರ್ ಇದಕ್ಕೆ ಉಲ್ಟಾ. ಶುರುವಿನ ವಾರಗಳಲ್ಲಿ ಸುಸ್ತು ಜಾಸ್ತಿ ಆಗಬಹುದು, ಇ.ಎಫ್. ಒಂದೆರಡು ಅಂಕ ಇಳಿಯಲೂಬಹುದು. ಸೋತ ಎತ್ತಿಗೆ ಚಾಟಿ ಬೀಸಿದರೆ ನಾಲ್ಕು ಹೆಜ್ಜೆ ಜೋರಾಗಿ ಎಳೆದು ಆಮೇಲೆ ಕುಸಿಯುತ್ತದೆ. ನೊಗ ಇಳಿಸಿ ಮೇಯಲು ಬಿಟ್ಟರೆ ಮೊದಲ ದಿನ ಹೊಲದ ಕೆಲಸ ನಿಲ್ಲುತ್ತದೆ, ಆದರೆ ಎತ್ತು ಉಳಿಯುತ್ತದೆ. ಇದು ಬರೀ ಹೋಲಿಕೆಯ ಮಾತಲ್ಲ. ಹೃದಯವನ್ನು ಜೋರಾಗಿ ಹಿಂಡಿಸುವ ಮಿಲ್ರಿನೋನ್ ಅನ್ನು ಮಾತ್ರೆಯಾಗಿ ತಿಂಗಳುಗಟ್ಟಲೆ ಕೊಟ್ಟು ನೋಡಿದ್ದರು. ತಗೊಂಡವರಲ್ಲಿ ಸಾವು ಹೆಚ್ಚಾದದ್ದು 1991ರಲ್ಲಿ ಬಯಲಾಯಿತು. ಹೃದಯಕ್ಕೆ ವಿಶ್ರಾಂತಿ ಕೊಡುವ ಬೀಟಾ ಬ್ಲಾಕರ್ ಜೀವ ಉಳಿಸಿತು. ಅದಕ್ಕೇ ಹೇಳುವುದು, ಇವತ್ತು ಎಷ್ಟು ಬಲವಾಗಿ ಹಿಂಡಿತು ಅನ್ನುವುದು ಎಲ್ಲ ಕತೆ ಹೇಳುವುದಿಲ್ಲ.

ಹಾಗಾದರೆ ಮುಂದಿನ ಎಕೋ ಯಾವಾಗ? ಮಾತ್ರೆಗಳು ನಿಮ್ಮ ಮೈಗೆ ಹಿಡಿಸುವ ಪ್ರಮಾಣಕ್ಕೆ ಏರಿದ ಮೇಲೆ ಕಡೇಪಕ್ಷ ಮೂರು ತಿಂಗಳು. ಡಾಕ್ಟರು ಮಾತ್ರೆಯನ್ನು ಚಿಕ್ಕದರಿಂದ ಶುರು ಮಾಡಿ ಒಂದೆರಡು ವಾರಕ್ಕೊಮ್ಮೆ ಏರಿಸುತ್ತಾರೆ. ಏರಿಸಿ ಮುಗಿದ ದಿನದಿಂದ ಎಣಿಸಿ, ಮೊದಲ ಚೀಟಿಯ ದಿನದಿಂದಲ್ಲ. ಇಷ್ಟಾದರೂ ಇ.ಎಫ್. 35ರಲ್ಲೋ ಅದಕ್ಕಿಂತ ಕೆಳಗೋ ಉಳಿದರೆ ಆಗ ಎದೆಯೊಳಗೆ ಇಡುವ, ಹೃದಯದ ತಾಳ ಅಪಾಯಕ್ಕೆ ಹೋದರೆ ಶಾಕ್ ಕೊಟ್ಟು ಸರಿಮಾಡುವ ಐ.ಸಿ.ಡಿ. ಯಂತ್ರದ ಮಾತು ಬರುತ್ತದೆ. ಅಂಥ ದೊಡ್ಡ ತೀರ್ಮಾನ ಈ ಎಕೋ ಮೇಲೆ ನಿಂತಿರುತ್ತದೆ. ಹಾಗಾಗಿ ಅವಸರ ಬೇಡ, ಅಸಡ್ಡೆಯೂ ಬೇಡ. ತಿಂಗಳಿಗೊಂದು ಎಕೋ ಮಾಡಿಸುವುದು ದುಡ್ಡು ದಂಡ. ಹೊಸದಾಗಿ ದಮ್ಮು ಶುರುವಾದರೆ ಮಾತ್ರ ಈ ಲೆಕ್ಕ ಬಿಟ್ಟು ಕೂಡಲೇ ತೋರಿಸಿ.

ಹೆಜ್ಜೆ 3: ಅದೇ ಜಾಗ, ಅದೇ ಯಂತ್ರ, ಸಾಧ್ಯವಾದರೆ ಅದೇ ಕೈ

ಒಂದೇ ಹೃದಯವನ್ನು ಒಂದೇ ದಿನ ಇಬ್ಬರು ಅಳೆದರೆ ಇ.ಎಫ್. ಐದರಿಂದ ಹತ್ತು ಅಂಕ ಹೆಚ್ಚುಕಮ್ಮಿ ಬರಬಹುದು. ಇದು ಯಾರ ತಪ್ಪೂ ಅಲ್ಲ. ಅಳೆಯುವ ಬಗೆಯೇ ಹಾಗೆ. 35 ಇದ್ದದ್ದು 31 ಆಯಿತು ಅಂದರೆ ಇಳಿಯಿತು ಅನ್ನುವ ಹಾಗೇ ಇಲ್ಲ. 35 ಇದ್ದದ್ದು 38 ಆಯಿತು ಅಂತ ಸಿಹಿ ಹಂಚುವ ಹಾಗೂ ಇಲ್ಲ.

ಅದಕ್ಕೇ ಮೊದಲ ಸಲ ಎಲ್ಲಿ ಮಾಡಿಸಿದಿರೋ ಸಾಧ್ಯವಾದರೆ ಅಲ್ಲೇ ಮಾಡಿಸಿ. ಮೊದಲನೆಯದು ಬೆಂಗಳೂರಿನ ಜಯದೇವದಲ್ಲಿ ಆಗಿದ್ದು, ಎರಡನೆಯದನ್ನು ತುಮಕೂರಲ್ಲಿ ಮಾಡಿಸುತ್ತೀರಿ ಅಂದರೆ ತೊಂದರೆಯಿಲ್ಲ. 70 ಕಿಲೋಮೀಟರ್ ಪ್ರತಿ ಸಲ ಓಡಾಡುವುದು ಎಲ್ಲರಿಗೂ ಆಗುವುದಿಲ್ಲ. ಆದರೆ ಹಳೇ ರಿಪೋರ್ಟು ತನ್ನಿ. ಬಂದ ಕೂಡಲೇ ಅದನ್ನು ನಮ್ಮ ಕೈಗೆ ಕೊಡಿ. ಎಕೋ ಮುಗಿದು ಜೆಲ್ ಒರೆಸಿಕೊಳ್ಳುವಾಗ "ಹಳೇದೂ ಇದೆ ಮೇಡಮ್" ಅನ್ನುವವರೇ ಜಾಸ್ತಿ.

ಆವತ್ತು ಮಾತ್ರೆ ಬಿಟ್ಟು ಬರಬೇಡಿ. ದಿನಾ ತಗೊಳ್ಳುವ ಹೊತ್ತಿಗೆ ತಗೊಂಡು ಬನ್ನಿ. ಸಾಮಾನ್ಯ ಎಕೋಗೆ ಹೊಟ್ಟೆ ಖಾಲಿ ಇರಬೇಕಾಗಿಲ್ಲ. ಇಡ್ಲಿ ತಿಂದೇ ಬನ್ನಿ. ಬಂದು ಹತ್ತು ನಿಮಿಷ ಕೂತುಕೊಳ್ಳಿ. ಬಿಪಿ ನೋಡಿ ಬರೆದುಕೊಳ್ಳಿ. ಬಿಪಿ 170 ಇದ್ದಾಗ ಹೃದಯ ಬಿಗಿಯಾದ ಬಾಗಿಲು ನೂಕುತ್ತಿರುತ್ತದೆ, ಇ.ಎಫ್. ಕಮ್ಮಿ ಕಾಣುತ್ತದೆ. 110 ಇದ್ದಾಗ ಅದೇ ಹೃದಯ ಚೆನ್ನಾಗಿ ಕಾಣುತ್ತದೆ. ಬಿಪಿ ಬರೆಯದ ಎಕೋ ರಿಪೋರ್ಟು ನನಗೆ ಅರ್ಧ ರಿಪೋರ್ಟೇ.

ಒಳಗೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ, ಹೆದರಿಕೆ ಹೋಗಲಿ. ಎಡಮಗ್ಗುಲಾಗಿ ಮಲಗಿಸುತ್ತೇವೆ, ಎಡಗೈ ತಲೆಯ ಕೆಳಗೆ. ಇದರಿಂದ ಹೃದಯ ಎದೆಗೋಡೆಗೆ ಹತ್ತಿರ ಬರುತ್ತದೆ, ಪಕ್ಕೆಲುಬುಗಳ ಸಂದು ಅಗಲವಾಗುತ್ತದೆ. ಮೂರು ಇಸಿಜಿ ಅಂಟು ಹಾಕುತ್ತೇವೆ. ತಣ್ಣನೆಯ ಜೆಲ್ ಹಚ್ಚಿ ಪ್ರೋಬ್ ಇಡುತ್ತೇವೆ. "ಉಸಿರು ಪೂರ್ತಿ ಬಿಡಿ, ಹಾಗೇ ಹಿಡಿದುಕೊಳ್ಳಿ" ಅಂತೇವೆ. ಆ ಐದು ಸೆಕೆಂಡು ನಿಮ್ಮ ಕೈಲಾದಷ್ಟು ಹಿಡಿಯಿರಿ. ಉಸಿರು ತುಂಬಿಕೊಂಡರೆ ಶ್ವಾಸಕೋಶ ಪರದೆಯ ಹಾಗೆ ಅಡ್ಡ ಬಂದು ಹೃದಯದ ಅಂಚೇ ಕಾಣುವುದಿಲ್ಲ. ಅಂಚು ಕಾಣದೆ ಅಳೆದರೆ ಅದು ಅಂದಾಜು ಅಷ್ಟೇ. ಅಂದಹಾಗೆ, ಈ ಯಂತ್ರದ ಮೂಲ ಹಡಗು ಕಟ್ಟುವ ಕಾರ್ಖಾನೆಯಲ್ಲಿದೆ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಲ್ಲಿ ಎಡ್ಲರ್ ಅನ್ನುವ ಡಾಕ್ಟರು, ಹರ್ಟ್ಜ್ ಅನ್ನುವ ಭೌತವಿಜ್ಞಾನಿ ಸೇರಿ, ಅಲ್ಲಿ ಲೋಹದಲ್ಲಿ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರವನ್ನು ಎದೆಯ ಮೇಲಿಟ್ಟು ನೋಡಿದ್ದರು.

ನಾಡಿ ತಾಳ ತಪ್ಪಿ ಬಡಿಯುವವರಿದ್ದರೆ ಒಂದು ಮಾತು ಮೊದಲೇ ಹೇಳಿ. ಆ ಕಾಯಿಲೆಯಲ್ಲಿ ಒಂದೊಂದು ಬಡಿತಕ್ಕೂ ಇ.ಎಫ್. ಬೇರೆ ಬೇರೆ. ಕಡೇಪಕ್ಷ ಐದು ಬಡಿತ ಅಳೆದು ಸರಾಸರಿ ತೆಗೆಯಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರಗೆ ಸಾಲು ನೋಡಿ ಗಾಬರಿಯಾಗಿ, ಒಬ್ಬ ತಾಯಿಯ ಒಂದೇ ಒಂದು ಬಡಿತ ಅಳೆದು 45 ಅಂತ ಬರೆದಿದ್ದೆ. ನಮ್ಮ ಡಾಕ್ಟರು ವಿಡಿಯೊ ನೋಡಿ ಮತ್ತೆ ಕರೆಸಿದರು. ಐದು ಬಡಿತದ ಸರಾಸರಿ 34 ಬಂತು. ಉದ್ದನೆಯ ಬಿಡುವಿನ ನಂತರ ಬಂದ ಜೋರು ಬಡಿತವೊಂದನ್ನು ಹಿಡಿದುಕೊಂಡು ಕೂತಿದ್ದೆ ನಾನು.

ಹೆಜ್ಜೆ 4: ರಿಪೋರ್ಟು ಓದುವುದು

ಮೊದಲು ನೋಡಬೇಕಾದದ್ದು ಇ.ಎಫ್. ಪಕ್ಕದ ಪದ. ಅಲ್ಲಿ ಸಿಂಪ್ಸನ್ ಅಥವಾ ಬೈಪ್ಲೇನ್ ಅಂತಿದೆಯಾ? ಎಂ-ಮೋಡ್ ಅಥವಾ ಟೈಕೋಲ್ಜ್ ಅಂತಿದೆಯಾ? ಇಲ್ಲ 'ವಿಶುವಲ್' ಅಂತ, ಅಂದರೆ ಕಣ್ಣಳತೆ ಅಂತಿದೆಯಾ?

ಎಂ-ಮೋಡಿನಲ್ಲಿ ಹೃದಯದ ಒಂದೇ ಜಾಗದ ಅಡ್ಡಳತೆ ತೆಗೆದು ಪೂರ್ತಿ ಗಾತ್ರವನ್ನು ಲೆಕ್ಕ ಹಾಕುತ್ತಾರೆ. ಎಳನೀರಿನ ಹೊಟ್ಟೆಯ ಸುತ್ತಳತೆ ನೋಡಿ ಒಳಗೆ ಎಷ್ಟು ನೀರಿದೆ ಅನ್ನುವ ಹಾಗೆ. ಕಾಯಿ ದುಂಡಗಿದ್ದರೆ ಹೆಚ್ಚುಕಮ್ಮಿ ಸರಿಯಾಗುತ್ತದೆ. ಹೃದಯಾಘಾತ ಆದವರ ಹೃದಯ ದುಂಡಗಿರುವುದಿಲ್ಲ. ಒಂದು ಗೋಡೆ ಸತ್ತಿರುತ್ತದೆ, ಇನ್ನೊಂದು ಜೋರಾಗಿ ಕುಣಿಯುತ್ತಿರುತ್ತದೆ. ಅಳತೆ ಕುಣಿಯುವ ಗೋಡೆಯ ಮೇಲೆ ಬಿದ್ದರೆ ಇ.ಎಫ್. ಸುಳ್ಳೇ ಜಾಸ್ತಿ ಬರುತ್ತದೆ.

ಸಿಂಪ್ಸನ್ ವಿಧಾನ ಬೇರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನೆನಪಿಸಿಕೊಳ್ಳಿ. ಅಗಲ ಬೇರೆ ಬೇರೆಯಾದ 20 ತಟ್ಟೆ ಇಡ್ಲಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಆಕಾರ ಬರುತ್ತದೆ ಅಲ್ವಾ? ಹೃದಯದ ಕೋಣೆಯನ್ನು ಎರಡು ಕಡೆಯಿಂದ ನೋಡಿ, ಅಂಚು ಗೆರೆ ಎಳೆದು, ಹಾಗೆ 20 ಬಿಲ್ಲೆ ಮಾಡಿ, ಪ್ರತಿಯೊಂದರ ಗಾತ್ರ ಕೂಡಿಸುತ್ತದೆ ಯಂತ್ರ. ಒಂದು ಗೋಡೆ ಕೆಟ್ಟಿದ್ದರೂ ಲೆಕ್ಕಕ್ಕೆ ಬರುತ್ತದೆ. ಮಾತ್ರೆಯ ಗುಣ ಅಳೆಯಲು ಇದೇ ಬೇಕು. ಎರಡು ರಿಪೋರ್ಟು ಹೋಲಿಸುವಾಗ ಎರಡೂ ಒಂದೇ ವಿಧಾನದ್ದಿರಲಿ. "ಬೈಪ್ಲೇನ್ ಸಿಂಪ್ಸನ್‌ನಲ್ಲಿ ಅಳೆದು ಬರೆಯಿರಿ" ಅಂತ ಕೇಳುವುದಕ್ಕೆ ಸಂಕೋಚ ಬೇಡ. ಮುಖ ಗಂಟಿಕ್ಕಿದರೂ ಬರೆದುಕೊಡುತ್ತಾರೆ.

ಅಜ್ಜನ ಗುಟ್ಟು ಇಲ್ಲೇ ಇತ್ತು. 35 ಅಂದದ್ದು ಎಂ-ಮೋಡು. 31 ಅಂದದ್ದು ಸಿಂಪ್ಸನ್. ಮೂಲಂಗಿಯನ್ನು ಕಟ್ಟಿನಲ್ಲೂ ಕಿಲೋದಲ್ಲೂ ಕೊಂಡು ಬೆಲೆ ಹೋಲಿಸಿದ ಹಾಗೆ.

ಇ.ಎಫ್. ಕೆಳಗೆ ಇನ್ನೂ ಹತ್ತಾರು ಸಾಲು ಇರುತ್ತದೆ. ಯಾರೂ ಓದುವುದಿಲ್ಲ. ನನ್ನ ಕಣ್ಣು ಮೊದಲು ಹೋಗುವುದು ಎಲ್‌ವಿಐಡಿ-ಡಿ ಕಡೆಗೆ. ಎಡ ಕೋಣೆ ತುಂಬಿದಾಗಿನ ಅಗಲ ಅದು, ಮಿಲಿಮೀಟರಿನಲ್ಲಿ. ಗಂಡಸರಿಗೆ 58ರವರೆಗೆ, ಹೆಂಗಸರಿಗೆ 52ರವರೆಗೆ ಸರಿ. ಸೋತ ಹೃದಯ ಹಿಗ್ಗಿದ ಬಲೂನಿನ ಹಾಗೆ ದೊಡ್ಡದಾಗಿರುತ್ತದೆ. ಮಾತ್ರೆ ಹಿಡಿದರೆ ತಿಂಗಳುಗಳಲ್ಲಿ ಅದು ಮತ್ತೆ ಚಿಕ್ಕದಾಗುತ್ತದೆ. ಅಜ್ಜನದು 66ರಿಂದ 60ಕ್ಕೆ ಬಂದಿತ್ತು. ಎರಡು ಜಾಗದ ಅಳತೆಯಾದ್ದರಿಂದ ಒಂದೆರಡು ಮಿಲಿಮೀಟರ್ ಬಿಟ್ಟರೂ ಇಳಿದಿದೆ ಅನ್ನುವಷ್ಟು ಇತ್ತು. ಹಿಂಡಿದ ಮೇಲೆ ಉಳಿಯುವ ರಕ್ತದ ಗಾತ್ರವೂ ಇಳಿಯಬೇಕು. ಮೊದಲು ಹೇಳಿದ 150 ಮತ್ತು 105ರ ಹೃದಯ ಗುಣವಾಗುತ್ತಾ 120 ಮತ್ತು 66ಕ್ಕೆ ಬಂದರೆ ಇ.ಎಫ್. 45. ಚಿಕ್ಕದಾದ ಹೃದಯ ಮೊದಲಿಗಿಂತ ಜಾಸ್ತಿ ರಕ್ತ ಕಳಿಸುತ್ತಿದೆ, ನೋಡಿ: 45 ಮಿಲಿ ಇದ್ದದ್ದು 54.

ಆಮೇಲೆ ಎಂ.ಆರ್. ಅಂದರೆ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಸೋರಿಕೆ. ಇದು ಮೋಸಗಾರ. 200 ಮಿಲಿ ತುಂಬಿ 120 ಉಳಿದರೆ ಇ.ಎಫ್. 40. ಆದರೆ ಹೊರಬಿದ್ದ 80ರಲ್ಲಿ 30 ಹಿಂದಕ್ಕೇ ಸೋರಿದರೆ ಮೈಗೆ ಸಿಕ್ಕಿದ್ದು 50 ಮಾತ್ರ. ಸೋರಿಕೆ ಕಮ್ಮಿಯಾಗಿ ಇ.ಎಫ್. ಅಷ್ಟೇ ಉಳಿದರೂ ಅದು ಗೆಲುವೇ. ಹಳೇ ರಿಪೋರ್ಟಿನಲ್ಲಿ 'ಸಿವಿಯರ್', ಹೊಸದರಲ್ಲಿ 'ಮೈಲ್ಡ್' ಅಂತಿದ್ದರೆ ಖುಷಿಪಡಿ.

ಕೆಲವು ಕಡೆ ಈಗ ಜಿ.ಎಲ್.ಎಸ್. ಅಥವಾ ಸ್ಟ್ರೇನ್ ಅಂತಲೂ ಕೊಡುತ್ತಾರೆ. ಸ್ನಾಯುವಿನ ನಾರು ಉದ್ದಕ್ಕೆ ಎಷ್ಟು ಕುಗ್ಗಿತು ಅನ್ನುವ ಅಳತೆ. ಇದು ಮೈನಸ್ಸಿನಲ್ಲಿರುತ್ತದೆ, ಸರಿಯಾದ್ದು ಸುಮಾರು ಮೈನಸ್ 20. ಮೈನಸ್ 10 ಇದ್ದದ್ದು ಮೈನಸ್ 14 ಆದರೆ ಒಳ್ಳೆಯದಾಗಿದೆ. ಉಲ್ಟಾ ಓದಿ ಗಾಬರಿಯಾಗಬೇಡಿ. ಇ.ಎಫ್.ಗಿಂತ ಮೊದಲೇ ಬದಲಾವಣೆ ಹಿಡಿಯುವುದು ಇದರ ಗುಣ. ಯಂತ್ರದ ಕಂಪನಿ ಬದಲಾದರೆ ಅಂಕಿಯೂ ಬದಲಾಗುವುದು ಇದರ ದೋಷ. ಬಲಗಡೆ ಕೋಣೆ ಹಿಂಡುವ ಬಲಕ್ಕೆ ಟ್ಯಾಪ್ಸಿ ಅಂತ ಒಂದು ಅಳತೆ ಇದೆ. 17 ಮಿಲಿಮೀಟರ್ ಅಥವಾ ಮೇಲಿದ್ದರೆ ಸರಿ.

ಹೆಜ್ಜೆ 5: ರಕ್ತದ ಪರೀಕ್ಷೆ

ಹೃದಯದ ಗೋಡೆ ಬಿಗಿದಾಗ ಅದು ರಕ್ತಕ್ಕೆ ಒಂದು ವಸ್ತು ಬಿಡುತ್ತದೆ. ಅದನ್ನು ಬಿಎನ್‌ಪಿ ಅಂತಲೂ ಎನ್‌ಟಿ-ಪ್ರೋಬಿಎನ್‌ಪಿ ಅಂತಲೂ ಎರಡು ಬಗೆಯಲ್ಲಿ ಅಳೆಯುತ್ತಾರೆ. ಎರಡೂ ಒಂದೇ ಅಂದುಕೊಂಡು ಹೋಲಿಸಬೇಡಿ. ಅಂಕಿಗಳೇ ಬೇರೆ. ಜೊತೆಗೆ, ಸಕುಬಿಟ್ರಿಲ್ ಇರುವ ಮಾತ್ರೆ ಬಿಎನ್‌ಪಿ ಕರಗದ ಹಾಗೆ ತಡೆಯುತ್ತದೆ. ಹೃದಯ ಸುಧಾರಿಸುತ್ತಿದ್ದರೂ ಬಿಎನ್‌ಪಿ ಏರಿದಂತೆ ಕಾಣಬಹುದು. ಆ ಮಾತ್ರೆ ನಡೆಯುತ್ತಿದ್ದರೆ ಎನ್‌ಟಿ-ಪ್ರೋಬಿಎನ್‌ಪಿ ಕೇಳಿ ಮಾಡಿಸಿ. ಇದು ದುಬಾರಿ ಪರೀಕ್ಷೆ. ಶುರುವಲ್ಲೊಮ್ಮೆ, ಮೂರು ತಿಂಗಳಿಗೊಮ್ಮೆ ಸಾಕು. ಶೇ. 30ರಷ್ಟಾದರೂ ಇಳಿದಿದ್ದರೆ ಅದನ್ನು ನಿಜವಾದ ಇಳಿಕೆ ಅನ್ನಬಹುದು. ಕಿಡ್ನಿ ಸೋತಿದ್ದರೆ, ವಯಸ್ಸಾಗಿದ್ದರೆ ಅಂಕಿ ಮೇಲಿರುತ್ತದೆ. ದಪ್ಪಗಿರುವವರಲ್ಲಿ ಕೆಳಗಿರುತ್ತದೆ.

ಇದಕ್ಕಿಂತ ಅಗ್ಗದ, ಆದರೆ ಇದಕ್ಕಿಂತ ಮುಖ್ಯವಾದ ಎರಡು ಪರೀಕ್ಷೆ ಇವೆ: ಪೊಟ್ಯಾಶಿಯಂ ಮತ್ತು ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್. ಇವು ಹೃದಯದ ಬಲ ಅಳೆಯುವುದಿಲ್ಲ. ಮಾತ್ರೆ ಏರಿಸಬಹುದಾ ಅಂತ ಹೇಳುತ್ತವೆ. ಪೊಟ್ಯಾಶಿಯಂ ಏರಿಸುವ ಸ್ಪೈರೊನೊಲ್ಯಾಕ್ಟೋನ್ ಶುರುವಾದ ಅಥವಾ ಏರಿದ ಒಂದು ವಾರಕ್ಕೆ, ಮತ್ತೆ ತಿಂಗಳಿಗೆ ಮಾಡಿಸಲೇಬೇಕು. ಪೊಟ್ಯಾಶಿಯಂ 5.5 ದಾಟಿದರೆ ಡಾಕ್ಟರಿಗೆ ಅವತ್ತೇ ಫೋನು. 6 ದಾಟಿದರೆ ಫೋನೂ ಬೇಡ, ನೇರ ಆಸ್ಪತ್ರೆ. ಹೃದಯದ ತಾಳವೇ ತಪ್ಪುವ ಅಪಾಯ ಅದು.

ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕು. ತಿಪಟೂರು, ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿ ಎಲ್ಲ ತೆಂಗಿನ ಸೀಮೆ. ಕಾಯಿಲೆಯವರನ್ನು ನೋಡಲು ಬಂದವರೆಲ್ಲ ಎಳನೀರು ತರುತ್ತಾರೆ. "ತಂಪು, ಕುಡೀರಿ" ಅಂತಾರೆ. ಎಳನೀರಲ್ಲಿ 100 ಮಿಲಿಗೆ ಸುಮಾರು 250 ಮಿಲಿಗ್ರಾಂ ಪೊಟ್ಯಾಶಿಯಂ. ಸ್ಪೈರೊನೊಲ್ಯಾಕ್ಟೋನ್ ಜೊತೆ ದಿನಕ್ಕೆ ಎರಡು ಮೂರು ಎಳನೀರು, ಮೇಲೆ ಸ್ವಲ್ಪ ಸೋತ ಕಿಡ್ನಿ. ಇಷ್ಟು ಸಾಕು ಕೆಟ್ಟದ್ದಾಗಲು. 'ಕಡಿಮೆ ಸೋಡಿಯಂ' ಅಂತ ಮಾರುವ ಉಪ್ಪೂ ಅಷ್ಟೇ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಹಾಕಿರುತ್ತಾರೆ. ಡಾಕ್ಟರನ್ನು ಕೇಳದೆ ಎರಡೂ ಬೇಡ.

ಹೆಜ್ಜೆ 6: ಮನೆಯ ನೋಟ್‌ಬುಕ್ಕು

ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಅದೇ ತೂಕದ ಯಂತ್ರದಲ್ಲಿ, ಹೆಚ್ಚುಕಮ್ಮಿ ಅಷ್ಟೇ ಬಟ್ಟೆಯಲ್ಲಿ ತೂಕ ನೋಡಿ. ಯಂತ್ರವನ್ನು ಗಟ್ಟಿ ನೆಲದ ಮೇಲಿಡಿ, ಚಾಪೆಯ ಮೇಲಲ್ಲ. ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಊತ ಕಣ್ಣಿಗೆ ಬೀಳುವ ಮುಂಚೆಯೇ ತೂಕ ಹೇಳಿಬಿಡುತ್ತದೆ. ಡಾಕ್ಟರಿಗೆ ತಿಳಿಸಿ.

ತೂಕ ಏರಿದ ದಿನ ಹಿಂದಿನ ದಿನದ ಊಟ ನೆನಪು ಮಾಡಿಕೊಳ್ಳಿ. ಉಪ್ಸಾರು ಮುದ್ದೆಯಾ? ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ? ದಿನದ ಉಪ್ಪು ಎಲ್ಲ ಸೇರಿ ಒಂದು ಟೀ ಚಮಚದೊಳಗೆ ಇರಬೇಕು. ಉಪ್ಸಾರು ಬಿಡಿ ಅಂದರೆ ನಮ್ಮ ಹಿರಿಯರು ಜೀವ ಬಿಡ್ತೀನಿ ಅಂತಾರೆ. ಸೊಪ್ಪು ಕಾಳು ಬೇಯಿಸುವಾಗ ಉಪ್ಪು ಹಾಕದೆ, ಖಾರ ಮತ್ತು ಹುಳಿ ಸ್ವಲ್ಪ ಮುಂದೆ ಮಾಡಿ, ಕಡೆಗೆ ತಟ್ಟೆಗೆ ಮಾತ್ರ ಚಿಟಿಕೆ ಉಪ್ಪು ಹಾಕಿಕೊಡಿ. ನಮ್ಮ ಮನೆಯಲ್ಲಿ ಹೀಗೆ ನಡೆದಿದೆ. ಒಂದು ವಾರ ಗೊಣಗುತ್ತಾರೆ, ಆಮೇಲೆ ಅದೇ ರುಚಿ. ಮಂಡಿ ನೋವಿಗೆ ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೂಡ ನೀರು ಹಿಡಿಸುತ್ತವೆ. ಎಷ್ಟೋ ಸಲ ತೂಕ ಏರಿದ್ದಕ್ಕೆ ಕಾರಣ ಅದೇ.

ಬಿಪಿ, ನಾಡಿ ವಾರಕ್ಕೆರಡು ಸಲ. ಮಾತ್ರೆ ಏರಿಸಿದ ವಾರ ದಿನಾ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಅದನ್ನೂ ಬರೆಯಿರಿ.

ಇನ್ನು ನಡಿಗೆ. ಆಸ್ಪತ್ರೆಗಳಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ ಅಂತ ಮಾಡುತ್ತಾರೆ. 30 ಮೀಟರ್ ಸಮತಟ್ಟು ಜಾಗದಲ್ಲಿ ಆ ತುದಿಯಿಂದ ಈ ತುದಿಗೆ, ತಮ್ಮದೇ ವೇಗದಲ್ಲಿ, ಆರು ನಿಮಿಷ. ಬೇಕಾದರೆ ನಿಲ್ಲಬಹುದು. ಒಟ್ಟು ಎಷ್ಟು ಮೀಟರ್ ಅಂತ ಲೆಕ್ಕ. 300ಕ್ಕಿಂತ ಕಮ್ಮಿ ಇದ್ದರೆ ಹೃದಯ ತುಂಬಾ ಸೋತಿದೆ ಅಂತ. ಮೂರು ತಿಂಗಳಲ್ಲಿ 30 ಮೀಟರಿನಷ್ಟು ಹೆಚ್ಚಾದರೆ ನಿಜವಾದ ಸುಧಾರಣೆ. ಡಾಕ್ಟರು ಒಪ್ಪಿದರೆ ಇದನ್ನು ಊರಲ್ಲೂ ಮಾಡಬಹುದು. ಅಜ್ಜನ ಮಗನಿಗೆ ನಾನು ಹೇಳಿದ್ದು ಇಷ್ಟೇ: ತೋಟದ ದಾರಿಯಲ್ಲಿ 30 ಮೀಟರ್ ಟೇಪು ಹಿಡಿದು ಎರಡು ಕಲ್ಲು ನೆಡು. ತಿಂಗಳಿಗೊಮ್ಮೆ ನಡೆಸು, ಜೊತೆಗೇ ನೀನೂ ಇರು. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸು.

ರಾತ್ರಿ ಎಷ್ಟು ದಿಂಬು ಬೇಕಾಯಿತು ಅನ್ನುವುದೂ ಒಂದು ಅಳತೆ. ಬರೆದಿಡಿ. ಮಲಗಿದರೆ ಉಸಿರು ಕಟ್ಟುವುದು, ಗುಲಾಬಿ ನೊರೆಯ ಕಫ, ಪ್ರಜ್ಞೆ ತಪ್ಪುವುದು, ಇವು ಬಂದರೆ ನೋಟ್‌ಬುಕ್ ಅಲ್ಲೇ ಬಿಟ್ಟು 108ಕ್ಕೆ ಕರೆ ಮಾಡಿ.

ಹೆಜ್ಜೆ 7: ಎಲ್ಲ ಒಟ್ಟಿಗಿಟ್ಟು ನೋಡುವುದು

ಮೂರು ತಿಂಗಳಾದ ಮೇಲೆ ಎಕೋ, ರಕ್ತ, ನೋಟ್‌ಬುಕ್ ಮೂರನ್ನೂ ಮೇಜಿನ ಮೇಲಿಡಿ. ಇ.ಎಫ್. ಹತ್ತು ಅಂಕ ಏರಿ 40 ದಾಟಿದೆ, ಹೃದಯ ಚಿಕ್ಕದಾಗಿದೆ, ನಡಿಗೆ ಹೆಚ್ಚಿದೆ ಅಂದರೆ ಮಾತ್ರೆ ಹಿಡಿದಿದೆ, ಅನುಮಾನವೇ ಬೇಡ.

ಇ.ಎಫ್. ಅಲ್ಲೇ ಇದೆ, ಆದರೆ ನಡಿಗೆ ಹೆಚ್ಚಿದೆ, ಎನ್‌ಟಿ-ಪ್ರೋಬಿಎನ್‌ಪಿ ಇಳಿದಿದೆ ಅಂದರೂ ಮಾತ್ರೆ ಕೆಲಸ ಮಾಡುತ್ತಿದೆ. ಇವು ಇ.ಎಫ್. ಏರಿಸದೆಯೂ ಆಸ್ಪತ್ರೆ ಸೇರುವುದನ್ನು ತಪ್ಪಿಸುತ್ತವೆ, ಆಯಸ್ಸು ಹೆಚ್ಚಿಸುತ್ತವೆ. ಇ.ಎಫ್. ಏರಿದೆ, ಆದರೆ ದಮ್ಮು ಜಾಸ್ತಿ ಅಂದರೆ ಬೇರೆ ಕಡೆ ಹುಡುಕಬೇಕು: ರಕ್ತಹೀನತೆ, ಶ್ವಾಸಕೋಶ, ತಾಳ ತಪ್ಪಿದ ನಾಡಿ, ಕವಾಟ. ಎಲ್ಲವೂ ಕೆಳಗೆ ಹೋಗಿದ್ದರೆ ನನ್ನ ಮೊದಲ ಪ್ರಶ್ನೆ: ಮಾತ್ರೆ ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯಾ? ಖಾಲಿ ಸ್ಟ್ರಿಪ್ಪುಗಳನ್ನು ಎಣಿಸಿ. ಬೈಯಲು ಹೇಳುತ್ತಿಲ್ಲ. ದುಡ್ಡಿಲ್ಲದೆ ದಿನ ಬಿಟ್ಟು ದಿನ ನುಂಗುವವರಿದ್ದಾರೆ, ಮನೆಯಲ್ಲಿ ಹೇಳುವುದಿಲ್ಲ. ಡಾಕ್ಟರಿಗೆ ಹೇಳಿದರೆ ಅಗ್ಗದ ಮಾತ್ರೆ ಬರೆದುಕೊಡುತ್ತಾರೆ, ಜನೌಷಧಿ ಅಂಗಡಿಯಲ್ಲೂ ಕೇಳಿನೋಡಬಹುದು.

ಮೊನ್ನೆ ಅಜ್ಜ ಮತ್ತೆ ಬಂದಿದ್ದರು, ಆರು ತಿಂಗಳ ಮೇಲೆ. ಈ ಸಲ ಪ್ಲಾಸ್ಟಿಕ್ ಕವರಿನ ಬದಲು ಫೈಲು. ಹಳೇ ರಿಪೋರ್ಟನ್ನು ಮೊದಲೇ ಕೈಗಿತ್ತರು. ಸಿಂಪ್ಸನ್‌ನಲ್ಲೇ ಅಳೆದೆ. 43. ಅಗಲ 56.

"ಹಂಗಾದ್ರೆ ಇನ್ನು ನಿಲ್ಲಿಸಬಹುದಾ ಮೇಡಮ್?" ಅಂದ ಮಗ. ಇದೂ ಎಲ್ಲರೂ ಕೇಳುವ ಪ್ರಶ್ನೆಯೇ. ಹೃದಯ ಪೂರ್ತಿ ಸುಧಾರಿಸಿದವರ ಮಾತ್ರೆಯನ್ನೇ ಮೆಲ್ಲಗೆ ನಿಲ್ಲಿಸಿ ನೋಡಿದ ಅಧ್ಯಯನವೊಂದು ಲಂಡನ್ನಿನಲ್ಲಿ ನಡೆದಿತ್ತು. ಫಲಿತಾಂಶ ಬಂದದ್ದು 2018ರಲ್ಲಿ. ನಿಲ್ಲಿಸಿದ 25 ಜನರಲ್ಲಿ 11 ಜನರಿಗೆ ಆರೇ ತಿಂಗಳಲ್ಲಿ ಕಾಯಿಲೆ ಮರಳಿತು. ಮುಂದುವರಿಸಿದವರಲ್ಲಿ ಆ ಆರು ತಿಂಗಳಲ್ಲಿ ಒಬ್ಬರಿಗೂ ಇಲ್ಲ. ಅದನ್ನೇ ಹೇಳಿ, ಒಳಗೆ ಡಾಕ್ಟರನ್ನು ಕೇಳಿ ಅಂದೆ.

ಅಜ್ಜ ಅಂಗಿ ಗುಂಡಿ ಹಾಕಿಕೊಳ್ಳುತ್ತಾ, "ನಿಲ್ಸೋ ಮಾತು ಬ್ಯಾಡ ಬಿಡಪ್ಪ, ಮೊದ್ಲು ಬರ್ಕೊ" ಅಂದರು. ಮಗ ನೋಟ್‌ಬುಕ್ ತೆಗೆದು ಮಂಚದ ಮೇಲಿಟ್ಟು ಬರೆದ: ಇ.ಎಫ್. 43, ಸಿಂಪ್ಸನ್. ಅಗಲ 56. ಬಿಪಿ 112/70. ನಾಡಿ 66. ನಡಿಗೆ 360 ಮೀಟರ್. ದಿಂಬು 1.